ಕಬಡ್ಡಿಯಲ್ಲಿ ತಮ್ಮನ ಭುಜ ಜಾರಿತ್ತು, ಈಗ ಬೆಲ್ಟ್ ಬಿಚ್ಚಿದ್ದಾರೆ. ಮುಂದೆ ಏನು ಮಾಡಿಸಬೇಕು?

ಗೋಣಿಬೀಡು ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 21 ವರ್ಷ. ಗಣಪತಿ ಹಬ್ಬದ ಕಬಡ್ಡಿ ಟೂರ್ನಮೆಂಟಿನಲ್ಲಿ ಬಲಭುಜದ ಕೀಲು ಜಾರಿತು. ಪಕ್ಕದವನ ಕೈ ಹಿಡಿದು ಚೈನ್ ಮಾಡಿ ನಿಂತಿದ್ದ, ರೈಡರ್ ಜೋರಾಗಿ ನುಗ್ಗಿದಾಗ ಇವನ ಕೈ ಮೇಲಕ್ಕೆದ್ದು ಹಿಂದಕ್ಕೆ ಎಳೆದುಕೊಂಡು ಹೋಯಿತು. ಭುಜದ ದುಂಡಗಿನ ಆಕಾರವೇ ಇರಲಿಲ್ಲ, ಮುಂದೆ ಕಂಕುಳ ಹತ್ತಿರ ಗುಂಡು ಉಬ್ಬಿ ಕಾಣುತ್ತಿತ್ತು. ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ತೆಗೆದರು, ಮಂಪರು ಬರುವ ಇಂಜೆಕ್ಷನ್ ಕೊಟ್ಟು ಕೀಲು ಕೂರಿಸಿದರು, ಮತ್ತೆ ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲ ಎಂದರು. ಮೂರು ವಾರ ಬೆಲ್ಟ್ ಹಾಕಿಸಿದ್ದರು, ಈಗ ಬಿಚ್ಚಿದ್ದಾರೆ.

ಈಗ ಅವನಿಗೆ ನೋವೇ ಇಲ್ಲ. ತೊಂದರೆ ಶುರುವಾಗಿರುವುದೇ ಅಲ್ಲಿಂದ. ದೀಪಾವಳಿ ಟೂರ್ನಮೆಂಟ್ ಆಡುತ್ತೇನೆ ಅನ್ನುತ್ತಾನೆ. ಅಪ್ಪ ಹೇಳುವುದು ಬೇರೆ: ಕಾಫಿ ಕೊಯ್ಲು ಬಂತು, ಆಳು ಸಿಗುವುದಿಲ್ಲ, ನೋವಿಲ್ಲ ಅಂದ ಮೇಲೆ ತೋಟಕ್ಕೆ ಬರಲಿ. ಅಜ್ಜಿ ಎಣ್ಣೆ ಹಾಕಿ ತಿಕ್ಕಿಸಲು ಒಬ್ಬರ ಹತ್ತಿರ ಕರೆದುಕೊಂಡು ಹೋಗಬೇಕು ಅಂತ ಹಟ ಮಾಡುತ್ತಿದ್ದಾರೆ. ಚೀಟಿಯಲ್ಲಿ ಫಿಸಿಯೋಥೆರಪಿ ಅಂತ ಬರೆದಿದ್ದಾರೆ, ಆದರೆ ಇಲ್ಲಿಂದ ಚಿಕ್ಕಮಗಳೂರಿಗೆ ದಿನಾ ಹೋಗಿ ಬರಲು ಆಗುವುದಿಲ್ಲ. ಮನೆಯಲ್ಲೇ ಮಾಡಬಹುದಾದ ವ್ಯಾಯಾಮ ಇದೆಯಾ? ಯಾವಾಗಿಂದ ಕೆಲಸಕ್ಕೆ, ಆಟಕ್ಕೆ ಬಿಡಬಹುದು? ಅನುಭವ ಇರುವವರು ದಯವಿಟ್ಟು ಹೇಳಿ.

ಅರಸೀಕೆರೆ ಕಾರ್ನರ್:
ಅಕ್ಕ, ದೀಪಾವಳಿ ಮರೆತುಬಿಡಿ. ನೋವಿಲ್ಲ ಅಂತ ಅವನು ಹೇಳುವುದನ್ನು ನಂಬಬೇಡಿ, ಆಡುವ ಹುಡುಗರೆಲ್ಲ ಹಾಗೇ ಹೇಳುತ್ತಾರೆ.

ನಮ್ಮ ಟೀಮಿನಲ್ಲಿ ಒಬ್ಬ ಒಳ್ಳೇ ರೈಡರ್ ಇದ್ದ. ಮೊದಲ ಸಲ ಜಾರಿದಾಗ ಮ್ಯಾಚಿನಲ್ಲೇ ಜೋರಾಗಿ ಬಿದ್ದಿದ್ದ. ಎರಡನೇ ಸಲ ಅಷ್ಟು ಜೋರೇನೂ ಬೇಕಾಗಲಿಲ್ಲ, ಸುಮ್ನೆ ಲೈನ್ ಮುಟ್ಟಲು ಕೈ ಚಾಚಿದ, ಜಾರಿತು. ಆಮೇಲೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ. ಕೊನೆಗೆ ರಾತ್ರಿ ಮಲಗಿದ್ದಾಗ ತಲೆ ಕೆಳಗೆ ಕೈ ಇಟ್ಟುಕೊಂಡು ಮಗ್ಗುಲು ತಿರುಗಿದರೂ ಜಾರುವ ಮಟ್ಟಕ್ಕೆ ಬಂತು. ಆಪರೇಷನ್ ಆಯಿತು. ಈಗ ಕೋಚಿಂಗ್ ಮಾಡುತ್ತಾನೆ, ಚೆನ್ನಾಗಿದ್ದಾನೆ. ಆದರೆ ಆಡುವ ಒಳ್ಳೆಯ ವರ್ಷಗಳು ಹೋದವು.

ಕೊಪ್ಪ ಭಟ್ರು:
ಅಜ್ಜಿ ಹೇಳುವುದರಲ್ಲಿ ತಪ್ಪೇನಿದೆ? ನಮ್ಮ ಕಡೆ ಉಳುಕು ತೆಗೆಯುವವರು ತಲೆತಲಾಂತರದಿಂದ ಇದ್ದಾರೆ. ಆಸ್ಪತ್ರೆ ಇಲ್ಲದ ಕಾಲದಲ್ಲಿ ಕೀಲು ಕೂರಿಸಿದವರು ಅವರೇ ಅಲ್ವಾ. ಆಂಧ್ರದ ಪುತ್ತೂರಿನಲ್ಲಿ ಮೂಳೆಗೆ ಹಾಕುವ ಪುತ್ತೂರು ಕಟ್ಟಿಗೆ ಈಗಲೂ ಎಲ್ಲೆಲ್ಲಿಂದಲೋ ಜನ ಹೋಗುತ್ತಾರೆ.

ಹಾಸನ ಫಿಸಿಯೋ:
ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಭುಜ ಜಾರಿದವರನ್ನು ದಿನಾ ನೋಡುತ್ತೇನೆ, ಅದರಲ್ಲೂ ಕಬಡ್ಡಿ ಮತ್ತು ವಾಲಿಬಾಲ್ ಹುಡುಗರು ಜಾಸ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ, ಮನೆಯವರಿಗೂ ಓದಿ ಹೇಳಿ.

ಮೊದಲು ಕೀಲು ಹೇಗಿದೆ ಅಂತ ತಿಳಿದುಕೊಳ್ಳಿ. ಸೊಂಟದ ಕೀಲಿನಲ್ಲಿ ಮೂಳೆಯ ದುಂಡಗಿನ ತುದಿ, ಅಂದರೆ ಗುಂಡು, ಆಳವಾದ ಗುಳಿಯಲ್ಲಿ ಕೂತಿರುತ್ತದೆ. ಭುಜದಲ್ಲಿ ಗುಳಿ ತುಂಬಾ ಚಿಕ್ಕದು, ತೆಳು. ಸಾಸರ್ ಮೇಲೆ ಕಿತ್ತಳೆ ಹಣ್ಣು ಇಟ್ಟ ಹಾಗೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಸುಲಭವಾಗಿ ಜಾರುತ್ತದೆ ಕೂಡ. ಗುಳಿಯ ಅಂಚಿಗೆ ಮೆತ್ತನೆಯ ಒಂದು ಸುತ್ತು ಇದೆ, ಅದನ್ನು ಲ್ಯಾಬ್ರಮ್ ಅನ್ನುತ್ತಾರೆ. ಸುತ್ತ ಬಿಗಿಯಾದ ಪೊರೆ, ಅದರ ಮೇಲೆ ನಾಲ್ಕು ಚಿಕ್ಕ ಸ್ನಾಯುಗಳು, ಅವೇ ರೊಟೇಟರ್ ಕಫ್. ನೂರರಲ್ಲಿ 95 ಸಲ ಗುಂಡು ಮುಂದಕ್ಕೇ ಜಾರುತ್ತದೆ. ಹಾಗೆ ಹೋಗುವಾಗ ಮುಂದಿನ ಕೆಳಭಾಗದಲ್ಲಿ ಲ್ಯಾಬ್ರಮ್ ಕಿತ್ತುಕೊಂಡು ಬರುವುದು ಬಹಳ ಸಾಮಾನ್ಯ. ಇದಕ್ಕೆ ಬ್ಯಾಂಕಾರ್ಟ್ ಲೀಶನ್ ಅಂತ ಹೆಸರು, 1923ರಲ್ಲಿ ಇದನ್ನು ವಿವರಿಸಿ ಬರೆದ ಇಂಗ್ಲೆಂಡಿನ ಸರ್ಜನ್ ಹೆಸರು ಅದು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಈ ಲ್ಯಾಬ್ರಮ್ ಕಾಣುವುದಿಲ್ಲ. "ಎಕ್ಸ್‌ರೇ ನಾರ್ಮಲ್" ಅಂದರೆ ಒಳಗೆಲ್ಲ ಸರಿ ಇದೆ ಅಂತ ಅರ್ಥ ಅಲ್ಲ.

ವಯಸ್ಸು ಇಲ್ಲಿ ತುಂಬಾ ಮುಖ್ಯ. 20–25ರ ಒಳಗಿನ, ಮೈಗೆ ಮೈ ತಾಗುವ ಆಟ ಆಡುವ ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮತ್ತೆ ಜಾರುತ್ತದೆ. ನಿಮ್ಮ ತಮ್ಮ ಸರಿಯಾಗಿ ಆ ಗುಂಪಿನಲ್ಲೇ ಇದ್ದಾನೆ. ಹಾಗಾಗಿ ಬೆಲ್ಟ್ ಬಿಚ್ಚಿದ್ದು ಕೆಲಸ ಮುಗಿದ ಲೆಕ್ಕ ಅಲ್ಲ. ಸ್ನಾಯು ಬಲ ಬರಿಸುವ ಕೆಲಸ ಈಗ ಶುರು.

ದಿನಾ ಚಿಕ್ಕಮಗಳೂರಿಗೆ ಹೋಗುವುದು ಬೇಡ. ಒಂದು ಸಲ ಸರಿಯಾಗಿ ತೋರಿಸಿ ಕಲಿತುಕೊಂಡು, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ತೋರಿಸಿದರೆ ಸಾಕು. ಉಳಿದದ್ದೆಲ್ಲ ಮನೆಯಲ್ಲೇ. ವ್ಯಾಯಾಮದ ವಿವರ ಸಂಜೆ ಬರೆಯುತ್ತೇನೆ, ಈಗ ಪೇಷಂಟ್ ಇದ್ದಾರೆ.

ಮಲೆನಾಡು ಸಿಸ್ಟರ್:
ಸ್ಟಾಫ್ ನರ್ಸ್ ಆಗಿದ್ದೀನಿ, ಕ್ಯಾಶುಯಲ್ಟಿಯಲ್ಲಿ ವರ್ಷಗಟ್ಟಲೆ ಕೆಲಸ. ಭಟ್ರೇ, ನಾಟಿ ವೈದ್ಯರ ಬಗ್ಗೆ ನನಗೂ ಗೌರವ ಇದೆ. ಆದರೆ ಕೀಲು ಜಾರಿದಾಗ ಕೆಲವರಿಗೆ ಮೂಳೆಯೂ ಮುರಿದಿರುತ್ತದೆ. ಎಕ್ಸ್‌ರೇ ಇಲ್ಲದೆ ಎಳೆದರೆ ಆ ಮುರಿದ ತುಂಡು ಇನ್ನೂ ದೂರ ಸರಿಯುತ್ತದೆ. ಪಕ್ಕದಲ್ಲೇ ನರ, ರಕ್ತನಾಳ ಹೋಗಿರುತ್ತವೆ. ಹಾಗೆ ಎಳೆಸಿಕೊಂಡು ಬಂದವರ ಕೈ ನೋಡಿದ್ದೀನಿ, ಅದಕ್ಕೇ ಹೇಳುತ್ತಿದ್ದೀನಿ.

ಗೋಣಿಬೀಡು ಅಕ್ಕ, ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ಭುಜದ ಹೊರಭಾಗದಲ್ಲಿ, ಪೊಲೀಸರ ಷರ್ಟಿನ ತೋಳಿಗೆ ಬ್ಯಾಡ್ಜ್ ಹೊಲಿಯುವ ಜಾಗ ಇದೆಯಲ್ಲ, ಅಲ್ಲಿ ಹತ್ತಿಯಿಂದ ಮೆಲ್ಲಗೆ ಸವರಿ. ಅವನು ಕಣ್ಣು ಮುಚ್ಚಿರಲಿ. ಎರಡೂ ಭುಜಕ್ಕೆ ಒಂದೇ ಥರ ಗೊತ್ತಾಗುತ್ತದಾ ಕೇಳಿ. ಆಕ್ಸಿಲರಿ ನರ ಎಳೆತಕ್ಕೆ ಸಿಕ್ಕಿದ್ದರೆ ಅಲ್ಲಿ ಮರಗಟ್ಟಿದ ಹಾಗಿರುತ್ತದೆ.

ತಣ್ಣೀರುಹಳ್ಳ ವೈದ್ಯೆ:
ಹಾಸನದ ಆಯುರ್ವೇದ ಕಾಲೇಜಿನಲ್ಲಿ ಓದಿದವಳು ನಾನು, ಒಂದು ವಿಷಯ ಸೇರಿಸುತ್ತೇನೆ. ಸುಶ್ರುತ ಸಂಹಿತೆಯಲ್ಲಿ ಮೂಳೆ ಮುರಿತವನ್ನು ಕಾಂಡಭಗ್ನ ಅಂತಲೂ ಕೀಲು ತಪ್ಪುವುದನ್ನು ಸಂಧಿಮುಕ್ತ ಅಂತಲೂ ಬೇರೆ ಬೇರೆಯಾಗಿಯೇ ಹೇಳಿದ್ದಾರೆ. ಭುಜ ತಪ್ಪಿದರೆ ಕಂಕುಳನ್ನು ಒನಕೆಯಿಂದ ಮೇಲಕ್ಕೆತ್ತಿ ಕೀಲು ಸ್ವಸ್ಥಾನಕ್ಕೆ ಬಂದ ಮೇಲೆ ಸ್ವಸ್ತಿಕ ಬಂಧ ಕಟ್ಟಬೇಕು ಅಂತ ಇದೆ. ಅಂದರೆ ಕೂರಿಸು, ಆಮೇಲೆ ಅಲುಗದಂತೆ ಕಟ್ಟು. ಹೊಸ ಪೆಟ್ಟಿನ ಮೇಲೆ ಜೋರಾಗಿ ತಿಕ್ಕಿ ಎಳೆಯಿರಿ ಅಂತ ಎಲ್ಲೂ ಹೇಳಿಲ್ಲ. ಆಯುರ್ವೇದದ ಹೆಸರಿನಲ್ಲಿ ಮೂರು ವಾರದ ಭುಜಕ್ಕೆ ಮೊಣಕೈ ಊರಿ ಮಸಾಜ್ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕುತ್ತಿಗೆ, ಬೆನ್ನಿನ ಮೇಲ್ಭಾಗ ಬಿಗಿದುಕೊಂಡಿದ್ದರೆ ಬೆಚ್ಚಗೆ ಎಣ್ಣೆ ಸವರಿ ಬಿಸಿನೀರಿನ ಶಾಖ ಕೊಡಿ. ಅಜ್ಜಿಗೂ ಸಮಾಧಾನ. ಕೀಲನ್ನು ಮಾತ್ರ ಯಾರೂ ತಿರುಚಬಾರದು.

ಕೊಪ್ಪ ಭಟ್ರು:
ಎಕ್ಸ್‌ರೇ ಇಲ್ಲದೆ ಎಳೆಯಬಾರದು ಅನ್ನುವುದನ್ನು ಒಪ್ಪುತ್ತೇನೆ ಅಮ್ಮ. ಆದರೆ ಎಲ್ಲ ನಾಟಿ ವೈದ್ಯರೂ ಹಾಗಿರುವುದಿಲ್ಲ. ನಮ್ಮೂರಿನವರು ಮುರಿದಿದೆ ಅಂತ ಅನುಮಾನ ಬಂದರೆ ತಾವೇ ಆಸ್ಪತ್ರೆಗೆ ಕಳಿಸುತ್ತಾರೆ.

ಮಲೆನಾಡು ಸಿಸ್ಟರ್:
ಅಂಥವರು ಇದ್ದರೆ ಅವರಿಗೆ ನನ್ನ ನಮಸ್ಕಾರ ಹೇಳಿ ಭಟ್ರೇ. ನಿಜವಾಗಿ.

ಸಕಲೇಶಪುರ ಆಂಟಿ:
ಹುಡುಗರ ವಿಷಯವೇ ಎಲ್ಲರೂ ಮಾತಾಡುತ್ತಿದ್ದೀರಿ. ನನ್ನ ವಯಸ್ಸಿನವರದ್ದು ಬೇರೆಯೇ ಕಥೆ, ಅದನ್ನೂ ಕೇಳಿ. ನನಗೆ 58. ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಕೈ ಊರಿಕೊಂಡು ಬಿದ್ದೆ, ಭುಜ ಹೋಯಿತು. ಡಾಕ್ಟರ್ ಕೂರಿಸಿ ಒಂದೇ ವಾರ ಬೆಲ್ಟ್ ಸಾಕು, ನಿಮ್ಮ ವಯಸ್ಸಿಗೆ ಮತ್ತೆ ಜಾರುವ ಭಯಕ್ಕಿಂತ ಬಿಗಿದುಕೊಳ್ಳುವ ಭಯ ಜಾಸ್ತಿ ಎಂದರು. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಬೇಗ ಬಿಗಿಯುತ್ತದಂತೆ, ನನಗೆ ಅದೂ ಇದೆ. ನಲವತ್ತು ದಾಟಿದವರಿಗೆ ಭುಜ ಜಾರುವಾಗ ರೊಟೇಟರ್ ಕಫ್ ಹರಿಯುವ ಸಾಧ್ಯತೆ ಹೆಚ್ಚು ಅಂತ ಸ್ಕ್ಯಾನಿಂಗ್ ಕೂಡ ಮಾಡಿಸಿದರು. ಸ್ವಲ್ಪ ಹರಿದಿತ್ತು.

ಆ ತಿಂಗಳುಗಳಲ್ಲಿ ನನಗೆ ಅತಿ ಕಷ್ಟ ಆಗಿದ್ದು ಯಾವುದು ಗೊತ್ತಾ? ಜಡೆ ಹಾಕಿಕೊಳ್ಳುವುದು. ಕೈ ತಲೆಯ ಹಿಂದಕ್ಕೆ ಹೋಗುತ್ತಲೇ ಇರಲಿಲ್ಲ. ಸೆರಗು ಪಿನ್ ಮಾಡಲು, ಅಟ್ಟದ ಡಬ್ಬ ಇಳಿಸಲು, ಬಟ್ಟೆ ಒಣಹಾಕಲು ಎಲ್ಲಕ್ಕೂ ಸೊಸೆಯನ್ನು ಕರೆಯಬೇಕು. ಫಿಸಿಯೋ ಹುಡುಗಿ ಒಂದು ಉಪಾಯ ಹೇಳಿಕೊಟ್ಟಳು. ಗೋಡೆಗೆ ಎದುರು ನಿಂತು ಬೆರಳು ನಡೆಸುತ್ತಾ ಮೇಲಕ್ಕೆ ಹೋಗುವುದು, ಎಲ್ಲಿಗೆ ಮುಟ್ಟಿತೋ ಅಲ್ಲಿ ಪೆನ್ಸಿಲಿನಲ್ಲಿ ಗೀಟು. ನಮ್ಮ ಅಡುಗೆಮನೆ ಗೋಡೆಯಲ್ಲಿ ಆ ಗೀಟುಗಳು ಈಗಲೂ ಇವೆ. ಕೆಲವು ವಾರ ಒಂದು ಬೆರಳಿನಷ್ಟೂ ಮೇಲೆ ಹೋಗಿಲ್ಲ. ಆಮೇಲೆ ಒಮ್ಮೆಗೇ ಒಂದು ಗೇಣು. ಈಗ ಜಡೆ ನಾನೇ ಹಾಕಿಕೊಳ್ಳುತ್ತೇನೆ.

ಅರಸೀಕೆರೆ ಕಾರ್ನರ್:
ಆಂಟಿ ಸೂಪರ್ 🙏

ಹಾಸನ ಫಿಸಿಯೋ:
ಸಕಲೇಶಪುರ ಆಂಟಿ ಹೇಳಿದ್ದು ನೂರಕ್ಕೆ ನೂರು ಸರಿ. ವಯಸ್ಸಾದವರಿಗೆ ಹೇಳಿದ್ದನ್ನು ಹುಡುಗರು ಮಾಡಬಾರದು, ಹುಡುಗರಿಗೆ ಹೇಳಿದ್ದನ್ನು ವಯಸ್ಸಾದವರು ಮಾಡಬಾರದು.

ಈಗ ವ್ಯಾಯಾಮ. ಇದನ್ನು ಓದಿ ಅಂದಾಜು ಸಿಗಲಿ ಅಂತ ಬರೆಯುತ್ತಿದ್ದೇನೆ, ಕೈ ನೋಡಿದ ಫಿಸಿಯೋ ಬೇರೆ ಹೇಳಿದರೆ ಅವರ ಮಾತೇ ಕೇಳಿ.

ಬೆಲ್ಟ್ ಬಿಚ್ಚಿದ ಮೇಲೆ ಮೊದಲು ಕೈ ಸಡಿಲ ಆಗಬೇಕು. ಮೇಜಿಗೆ ಒಳ್ಳೆಯ ಕೈ ಊರಿ ಮುಂದಕ್ಕೆ ಬಗ್ಗಿ, ಪೆಟ್ಟಾದ ಕೈಯನ್ನು ಸುಮ್ನೆ ಇಳಿಬಿಡಿ. ಮೈಯನ್ನು ಹಿಂದೆ ಮುಂದೆ ಆಡಿಸಿದರೆ ಕೈ ತಾನಾಗಿ ತೂಗುತ್ತದೆ. ಕೈಯನ್ನು ಬಲ ಹಾಕಿ ಬೀಸಬಾರದು. ಆಮೇಲೆ ಅಂಗಾತ ಮಲಗಿ, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಒಳ್ಳೆಯ ಕೈಯ ಬಲದಿಂದ ಇನ್ನೊಂದನ್ನು ಮೇಲಕ್ಕೆತ್ತುವುದು. ಮೊದಲ ಆರು ವಾರ ಒಂದು ಭಂಗಿ ಪೂರ್ತಿ ನಿಷಿದ್ಧ: ಕಲ್ಲು ಎಸೆಯುವಾಗ ಕೈ ಮೇಲಕ್ಕೆತ್ತಿ ಹಿಂದಕ್ಕೆ ತಿರುಗಿಸುತ್ತೀವಲ್ಲ, ಅದು. ನಿಮ್ಮ ತಮ್ಮನ ಭುಜ ಜಾರಿದ್ದೂ ಅದೇ ಭಂಗಿಯಲ್ಲಿ. ತಲೆ ಕೆಳಗೆ ಕೈ ಇಟ್ಟು ಮಲಗುವುದೂ ಬೇಡ.

ಜೊತೆಗೆ ಅಲುಗಾಡಿಸದೆ ಬಲ ಹಾಕುವ ವ್ಯಾಯಾಮ. ಮೊಣಕೈ ಮಡಚಿ ಪಕ್ಕೆಗೆ ಒತ್ತಿ, ಮಧ್ಯೆ ಸುತ್ತಿದ ಟವೆಲ್ ಇಡಿ. ಬಾಗಿಲ ಚೌಕಟ್ಟಿನ ಪಕ್ಕ ನಿಂತು ಮುಂಗೈಯ ಹಿಂಭಾಗದಿಂದ ಚೌಕಟ್ಟನ್ನು ಮೆಲ್ಲಗೆ ಹೊರಕ್ಕೆ ಒತ್ತಿ, ಹತ್ತು ಎಣಿಸಿ ಬಿಡಿ. ಇನ್ನೊಂದು ಕಡೆ ನಿಂತು ಅಂಗೈಯಿಂದ ಒಳಕ್ಕೆ. ಟವೆಲ್ ಕೆಳಗೆ ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿದೆ ಅಂತ ಗೊತ್ತಾಗುತ್ತದೆ.

ನೋವಿಲ್ಲದೆ ಇದು ಆದ ಮೇಲೆ ರಬ್ಬರ್ ಬ್ಯಾಂಡ್. ಥೆರಾಬ್ಯಾಂಡ್ ಕೊಳ್ಳಬಹುದು, ಹಳೇ ಸೈಕಲ್ ಟ್ಯೂಬ್ ಕೊಯ್ದರೂ ಆಗುತ್ತದೆ. ಆದರೆ ಟ್ಯೂಬ್ ಸ್ವಲ್ಪ ಗಟ್ಟಿ, ಶುರುವಿಗೆ ಬೇಡ. ಕಿಟಕಿ ಸರಳಿಗೆ ಮೊಣಕೈ ಎತ್ತರದಲ್ಲಿ ಕಟ್ಟಿ, ಟವೆಲ್ ಅದೇ ಜಾಗದಲ್ಲಿ ಇಟ್ಟುಕೊಂಡು, ಮುಂಗೈಯನ್ನು ಹೊರಕ್ಕೆ ಎಳೆಯುವುದು, ಒಳಕ್ಕೆ ಎಳೆಯುವುದು. ಎಳೆಯುವುದು ಎಲ್ಲರೂ ಚೆನ್ನಾಗಿ ಮಾಡುತ್ತಾರೆ, ವಾಪಸ್ ಬಿಡುವಾಗ ಪಟ್ ಅಂತ ಬಿಡುತ್ತಾರೆ. ನಿಧಾನವಾಗಿ ಬಿಡಬೇಕು, ಲಾಭ ಅಲ್ಲೇ ಇರುವುದು. ಬೆನ್ನಿನ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ತಂದು ಹಿಡಿಯುವುದನ್ನೂ ಬಿಡಬೇಡಿ. ರೆಕ್ಕೆ ಮೂಳೆ ಗಟ್ಟಿ ನಿಲ್ಲದಿದ್ದರೆ ಕೈ ಎಷ್ಟು ಬಲವಾದರೂ ಪ್ರಯೋಜನ ಇಲ್ಲ.

ಆಮೇಲೆ ಗೋಡೆಗೆ ಕೈ ಊರಿ ದಂಡ, ಅದಾದ ಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ. ಚೆಂಡನ್ನು ಗೋಡೆಗೆ ಹೊಡೆದು ಹಿಡಿಯುವುದು. ಕಬಡ್ಡಿಯವರಿಗೆ ಬೀಳುವುದನ್ನೂ ಮತ್ತೆ ಕಲಿಸಬೇಕು, ಚೈನ್ ಹಿಡಿಯುವಾಗ ಕೈ ಮೈಯಿಂದ ದೂರ ಹೋಗದ ಹಾಗೆ ಅಭ್ಯಾಸ ಮಾಡಿಸಬೇಕು.

ವ್ಯಾಯಾಮದ ನಂತರ ಸ್ನಾಯು ನೋವು ಬಂದು ಮಾರನೇ ದಿನಕ್ಕೆ ಇಳಿದರೆ ಪರವಾಗಿಲ್ಲ. ಭುಜ "ಹೋಗುತ್ತಿದೆ" ಅನ್ನಿಸಿದರೆ ತಕ್ಷಣ ನಿಲ್ಲಿಸಿ.

ಬೇಲೂರು ವಾಲಿಬಾಲ್:
ಎಷ್ಟು ತಿಂಗಳು ಸರ್ ಒಟ್ಟು? ಅದನ್ನೇ ಯಾರೂ ನೇರವಾಗಿ ಹೇಳುವುದಿಲ್ಲ.

ಹಾಸನ ಫಿಸಿಯೋ:
ಕಬಡ್ಡಿಗೆ ಕಡಿಮೆ ಅಂದರೂ 3ರಿಂದ 4 ತಿಂಗಳು. ಆದರೆ ಕ್ಯಾಲೆಂಡರ್ ನೋಡಿ ಬಿಡುವುದಿಲ್ಲ. ಕೈ ಪೂರ್ತಿ ತಿರುಗಬೇಕು, ಬಲ ಇನ್ನೊಂದು ಕೈಯ ಹತ್ತಿರಕ್ಕೆ ಬಂದಿರಬೇಕು, ಆ ಎಸೆಯುವ ಭಂಗಿಗೆ ಕೈ ತಂದಾಗ ಮುಖದಲ್ಲಿ ಭಯ ಕಾಣಬಾರದು. ಈ ಮೂರೂ ಇದ್ದರೆ ಮಾತ್ರ.

ಹಾಂದಿ ಪ್ಲಾಂಟರ್:
ತೋಟದ ಕೆಲಸದ ಬಗ್ಗೆ ಯಾರೂ ಹೇಳಿಲ್ಲ. ಅವರ ಅಪ್ಪ ಕೇಳಿದ್ದೂ ಅದನ್ನೇ ಅಲ್ವಾ.

ಎಲ್ಲ ಕೆಲಸವೂ ಒಂದೇ ಅಲ್ಲ. ಅರೇಬಿಕಾ ಗಿಡ ಸೊಂಟದ ಎತ್ತರ, ಎದೆ ಎತ್ತರ ಇದ್ದರೆ ಹಣ್ಣು ಕೊಯ್ಯಲು ಕೈ ಮೇಲಕ್ಕೆತ್ತಬೇಕಾಗಿಲ್ಲ, ಸ್ವಲ್ಪ ದಿನ ಕಳೆದ ಮೇಲೆ ಅದನ್ನು ಮಾಡಬಹುದು. ಎತ್ತರದ ರೆಕ್ಕೆ (ಕೊಂಬೆ) ಬಗ್ಗಿಸಿ ಹಿಡಿದು ಕೊಯ್ಯುವುದು ಬೇಡ, ಗಿಡ ವಾಪಸ್ ಚಿಮ್ಮಿದರೆ ಕೈ ಎಳೆದುಕೊಂಡು ಹೋಗುತ್ತದೆ. ಹಣ್ಣು ತುಂಬಿದ ಚೀಲ ಹೆಗಲಿಗೆ ಹಾಕುವುದಂತೂ ಬೇಡವೇ ಬೇಡ. ಕಳೆ ಹೊಡೆಯುವ ಮೆಷಿನ್ನಿನ ಹಗ್ಗ ಎಳೆದು ಸ್ಟಾರ್ಟ್ ಮಾಡುವುದು, ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆ ಒಂದು ಜಗ್ಗು ಸಾಕು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಏಣಿ ಹಾಕಿ ಮೆಣಸು ಕೊಯ್ಯುವುದು ಇವು ಈ ವರ್ಷ ಅವನಿಗೆ ಬೇಡ. ಏಣಿ ಮೇಲೆ ಒಂದು ಕೈಯಲ್ಲಿ ಮರ ತಬ್ಬಿ ಇನ್ನೊಂದು ಕೈ ಚಾಚಿ ಬಳ್ಳಿ ಎಳೆಯುತ್ತೀವಿ. ಅಲ್ಲಿ ಭುಜ ಜಾರಿದರೆ ಕೆಳಗೆ ಬೀಳುವುದು ಆಳು, ಬರೀ ಭುಜದ ಪ್ರಶ್ನೆ ಅಲ್ಲ.

ಅಪ್ಪನಿಗೆ ಹೇಳಿ, ಸಂಜೆ ಹಣ್ಣಿನ ತೂಕ ಬರೆಯುವುದು, ಕಣದಲ್ಲಿ ಉಸ್ತುವಾರಿ, ಲೆಕ್ಕ ಇಂಥದ್ದು ಅವನಿಗೆ ಕೊಡಿ ಅಂತ.

ಶೃಂಗೇರಿ ಅಡಿಕೆ:
ಅಡಿಕೆಯವರದ್ದೂ ಇದೇ ಗೋಳು. ದೋಟಿ (ಉದ್ದನೆಯ ಗಳ) ಹಿಡಿದು ದಿನವಿಡೀ ಮೇಲೆ ನೋಡುತ್ತಾ ಅಡಿಕೆ ಗೊನೆ ಕೊಯ್ಯುವುದು ಭುಜಕ್ಕೆ ಎಷ್ಟು ಭಾರ ಗೊತ್ತಾ. ಫೈಬರ್ ದೋಟಿ ಬಂದ ಮೇಲೆ ಹಗುರ ಆಗಿದೆ, ಮರ ಹತ್ತುವುದೂ ತಪ್ಪಿದೆ, ಆದರೆ ಭುಜಕ್ಕೆ ಕೆಲಸ ಜಾಸ್ತಿಯೇ ಆಗಿದೆ.

ಹಾಂದಿ ಪ್ಲಾಂಟರ್:
ಹೌದು. ಮರ ಹತ್ತುವವರು ಸಿಗುವುದಿಲ್ಲ, ದೋಟಿ ಹಿಡಿಯುವವರೂ ಕಡಿಮೆ. ಮೆಣಸಿಗೆ ಈ ಸಲ ಏಣಿ ಹತ್ತುವವರ ಕೂಲಿ ಎಷ್ಟು ನಡೆಯುತ್ತಿದೆ ನಿಮ್ಮ ಕಡೆ?

ಶೃಂಗೇರಿ ಅಡಿಕೆ:
ಅದನ್ನು ಬೇರೆ ಮಾತಾಡೋಣ, ಇಲ್ಲಿ ಅವರ ವಿಷಯ ನಡೆಯುತ್ತಿದೆ.

ಕಡೂರು ಲೈನ್:
ಇನ್ನೊಂದು ಮಾತು, ಎಲ್ಲರಿಗೂ ಗೊತ್ತಿರಲಿ ಅಂತ ಹೇಳುತ್ತೇನೆ. ಕರೆಂಟ್ ಶಾಕ್ ಹೊಡೆದಾಗಲೂ ಭುಜ ಜಾರುತ್ತದೆ. ನಮ್ಮ ಚಿಕ್ಕಪ್ಪನಿಗೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಹತ್ತಿರ ಶಾಕ್ ಹೊಡೆಯಿತು. ಬಿದ್ದ ಪೆಟ್ಟು ಅಂತ ಅಂದುಕೊಂಡರು, ಮೊದಲು ತೋರಿಸಿದ ಕಡೆ ಒಂದೇ ಕೋನದ ಎಕ್ಸ್‌ರೇ ನೋಡಿ ಏನೂ ಇಲ್ಲ ಎಂದರು. ಕೈ ಹೊರಕ್ಕೆ ತಿರುಗುತ್ತಲೇ ಇರಲಿಲ್ಲ. ಬಹಳ ದಿನದ ಮೇಲೆ ಇನ್ನೊಬ್ಬರು ನೋಡಿ ಭುಜ ಹಿಂದಕ್ಕೆ ಜಾರಿದೆ ಎಂದರು.

ಮಲೆನಾಡು ಸಿಸ್ಟರ್:
ಒಳ್ಳೆಯದಾಯಿತು ಹೇಳಿದ್ದು. ಶಾಕ್ ಮತ್ತು ಫಿಟ್ಸ್, ಇವೆರಡರಲ್ಲಿ ಹಿಂದಕ್ಕೆ ಜಾರುವುದು ಹೆಚ್ಚು. ನೇರ ಎಕ್ಸ್‌ರೇಯಲ್ಲಿ ಸುಲಭವಾಗಿ ಗೊತ್ತಾಗುವುದಿಲ್ಲ, ಪಕ್ಕದಿಂದ ಅಥವಾ ಕಂಕುಳ ಕಡೆಯಿಂದ ಇನ್ನೊಂದು ತೆಗೆಸಬೇಕು. ಫಿಟ್ಸ್ ಬಂದ ಮೇಲೆ ಕೈ ತಿರುಗಿಸಲು ಆಗುತ್ತಿಲ್ಲ ಅಂದರೆ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.

ಗೋಣಿಬೀಡು ಅಕ್ಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ನೀವು ಹೇಳಿದ ಹಾಗೆ ಹತ್ತಿಯಿಂದ ನೋಡಿದೆ. ಬಲಭುಜದ ಹೊರಗೆ ಒಂದು ಜಾಗದಲ್ಲಿ ಸರಿಯಾಗಿ ಗೊತ್ತಾಗುತ್ತಿಲ್ಲ ಅಂತಾನೆ. ದೊಡ್ಡ ನಾಣ್ಯದಷ್ಟು ಅಗಲ. ಮೊದಲಿಂದಲೂ ಹಾಗೇ ಇದೆಯಂತೆ, ಯಾರಿಗೂ ಹೇಳಿಲ್ಲ! ಕೇಳಿದರೆ "ನೋವಿಲ್ಲವಲ್ಲ" ಅಂತಾನೆ. ನನಗೆ ಭಯ ಆಗುತ್ತಿದೆ.

ಮಲೆನಾಡು ಸಿಸ್ಟರ್:
ಭಯ ಬೇಡ, ಆದರೆ ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ. ಬಹುಪಾಲು ಜನಕ್ಕೆ ನರ ಎಳೆದಿರುತ್ತದೆ ಅಷ್ಟೇ, ಕೆಲವು ವಾರ ಅಥವಾ ತಿಂಗಳಲ್ಲಿ ತಾನಾಗಿ ಸರಿಯಾಗುತ್ತದೆ. ಕೈಯನ್ನು ಪಕ್ಕಕ್ಕೆ ಸ್ವಲ್ಪ ಎತ್ತಲು ಹೇಳಿ. ಭುಜದ ಮೇಲಿನ ದಪ್ಪ ಸ್ನಾಯು ಗಟ್ಟಿಯಾಗುತ್ತದಾ ಮುಟ್ಟಿ ನೋಡಿ.

ಗೋಣಿಬೀಡು ಅಕ್ಕ:
ಗಟ್ಟಿಯಾಗುತ್ತದೆ. ಇನ್ನೊಂದು ಕೈಯಷ್ಟು ಇಲ್ಲ.

ಹಾಸನ ಫಿಸಿಯೋ:
ಅದು ಒಳ್ಳೆಯ ಸೂಚನೆ. ಆದರೂ ತೋರಿಸಿ, ಡಾಕ್ಟರ್ ನೋಡುವ ತನಕ ಬ್ಯಾಂಡ್ ಬೇಡ. ತೂಗುವುದು, ಬೆರಳು, ಮಣಿಕಟ್ಟು, ಮೊಣಕೈ ಇಷ್ಟು ಸಾಕು.

ಜಾವಗಲ್ ಕ್ರಿಕೆಟ್:
ಎಲ್ಲರೂ ವ್ಯಾಯಾಮ ವ್ಯಾಯಾಮ ಅನ್ನುತ್ತಿದ್ದೀರಿ. 21 ವರ್ಷದ ಕಬಡ್ಡಿ ಹುಡುಗನಿಗೆ ನೇರ ಆಪರೇಷನ್ ಮಾಡಿಸುವುದೇ ಒಳ್ಳೆಯದಲ್ವಾ? ಹೇಗೂ ಮತ್ತೆ ಜಾರುತ್ತದೆ ಅಂತ ನೀವೇ ಹೇಳಿದ್ದೀರಿ. ಪ್ರತಿ ಸಲ ಜಾರಿದಾಗಲೂ ಗುಳಿಯ ಮೂಳೆ ಸವೆಯುತ್ತದೆ.

ಹಾಸನ ಫಿಸಿಯೋ:
ಒಳ್ಳೆಯ ಪ್ರಶ್ನೆ, ಸರ್ಜನ್‌ಗಳಲ್ಲೂ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ಚಿಕ್ಕ ವಯಸ್ಸಿನ ಆಟಗಾರರಿಗೆ ಮೊದಲ ಸಲ ಜಾರಿದಾಗಲೇ ಕೀಹೋಲ್‌ನಲ್ಲಿ, ಅಂದರೆ ಚಿಕ್ಕ ರಂಧ್ರದ ಮೂಲಕ, ಲ್ಯಾಬ್ರಮ್ ಹೊಲಿಯುವುದು ಒಳ್ಳೆಯದು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ, ಮತ್ತೆ ಜಾರುವುದು ಅದರಿಂದ ಕಡಿಮೆ ಆಗುವುದೂ ನಿಜ. ಆದರೆ ಅರ್ಧ ಜನಕ್ಕೆ ಮತ್ತೆ ಜಾರುತ್ತದೆ ಅಂದರೆ ಉಳಿದವರಿಗೆ ಜಾರುವುದಿಲ್ಲ ಅಂತಲೂ ಆಯಿತಲ್ಲ. ಅವನಿಗೆ ಮುಂದೆ ಕಬಡ್ಡಿಯೇ ಬೇಕಾ, ಎಂಆರ್‌ಐಯಲ್ಲಿ ಏನು ಕಾಣುತ್ತದೆ, ಕೀಲು ಹುಟ್ಟಿನಿಂದಲೇ ಸಡಿಲವಾ, ಇವೆಲ್ಲ ನೋಡಿ ತೀರ್ಮಾನಿಸಬೇಕು. ಮೂಳೆ ಜಾಸ್ತಿ ಸವೆದಿದ್ದರೆ ಬರೀ ಹೊಲಿಗೆ ಸಾಲದು, ಮೂಳೆಯ ತುಂಡು ತಂದು ಗುಳಿಯ ಮುಂದೆ ಸ್ಕ್ರೂ ಹಾಕಿ ಕೂರಿಸುವ ಲಾಟರ್ಜೆ ಅಂತ ಬೇರೆ ಆಪರೇಷನ್ ಇದೆ. 1954ರಿಂದ ಇದೆ ಅದು.

ಒಂದು ಮಾತು ಮಾತ್ರ ನೆನಪಿಡಿ. ಆಪರೇಷನ್ ಆದರೂ ಈ ವ್ಯಾಯಾಮ ತಪ್ಪುವುದಿಲ್ಲ. ಬೆಲ್ಟ್, ತೂಗುವುದು, ಟವೆಲ್, ಬ್ಯಾಂಡ್ ಎಲ್ಲ ಮತ್ತೆ ಮೊದಲಿಂದ. ಆಟಕ್ಕೆ 4ರಿಂದ 6 ತಿಂಗಳು.

ಜಾವಗಲ್ ಕ್ರಿಕೆಟ್:
ಸರಿ. ಆದರೂ ಎಂಆರ್‌ಐ ಮಾಡಿಸದೆ ಸುಮ್ಮನೆ ಕೂರಬಾರದು ಅನ್ನುವುದು ನನ್ನ ಅಭಿಪ್ರಾಯ.

ಹಾಸನ ಫಿಸಿಯೋ:
ಅದರಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ.

ಆಲೂರು ಮಾಹಿತಿ:
ಖರ್ಚಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ. ನೇರವಾಗಿ ಖಾಸಗಿಗೆ ಹೋಗಬೇಡಿ, ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿ ಆಗದಿದ್ದರೆ ರೆಫರ್ ಬರೆಸಿಕೊಳ್ಳಿ. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಎರಡು ಕಡೆಯೂ ಮೂಳೆ ವಿಭಾಗ ಇದೆ. ಆಧಾರ್, ರೇಷನ್ ಕಾರ್ಡ್ ಜೊತೆಗೆ ಹಳೇ ಎಕ್ಸ್‌ರೇ, ಚೀಟಿ ಎಲ್ಲ ಒಯ್ಯಿರಿ. ಕೂರಿಸುವುದಕ್ಕೆ ಮುಂಚಿನ ಎಕ್ಸ್‌ರೇ ಮುಖ್ಯ, ಕಳೆದುಕೊಳ್ಳಬೇಡಿ.

ಅರಸೀಕೆರೆ ಕಾರ್ನರ್:
ಟೂರ್ನಮೆಂಟ್ ಮಾಡುವವರಿಗೂ ಒಂದು ಮಾತು. ಹಬ್ಬದ ಟೂರ್ನಮೆಂಟಿಗೆ ಲೈಟು, ಸೌಂಡು, ಟ್ರೋಫಿ ಎಲ್ಲ ಇರುತ್ತದೆ, ಪೆಟ್ಟಾದರೆ ನೋಡಲು ಒಬ್ಬರೂ ಇರುವುದಿಲ್ಲ. ನೆಲ ಗಟ್ಟಿ, ಎರಡು ಕಲ್ಲು ಆರಿಸಿ ತೆಗೆದರೆ ಅಂಕಣ ರೆಡಿ. ಕೆಸರುಗದ್ದೆ ಆಟದಲ್ಲಾದರೂ ಕೆಳಗೆ ಮೆತ್ತಗಿರುತ್ತದೆ. ಭುಜ ಜಾರಿದರೆ ಸುತ್ತ ನಿಂತವರೇ ಕಂಕುಳಿಗೆ ಕಾಲು ಕೊಟ್ಟು ಕೈ ಎಳೆಯಲು ಬರುತ್ತಾರೆ.

ಮಲೆನಾಡು ಸಿಸ್ಟರ್:
ಎಳೆಯಬೇಡಿ. ಅವನಿಗೆ ಯಾವ ರೀತಿ ಹಿಡಿದರೆ ಹಿತವೋ ಹಾಗೇ ಕೈಗೆ ಆಸರೆ ಕೊಟ್ಟು ಟವೆಲ್‌ನಲ್ಲಿ ಕಟ್ಟಿ. ಬಟ್ಟೆ ಸುತ್ತಿದ ಐಸ್ ಇಡಿ. ಉಂಗುರ, ವಾಚು, ಕೈಗೆ ಕಟ್ಟಿದ ದಾರ ತೆಗೆಯಿರಿ, ಕೈ ಊದಿಕೊಳ್ಳಬಹುದು. ಊಟ, ಜ್ಯೂಸ್ ಕೊಡಬೇಡಿ, ಮಂಪರು ಕೊಡಬೇಕಾಗಬಹುದು. ಬೇಗ ಕರೆತನ್ನಿ, ತಡವಾದಷ್ಟೂ ಸ್ನಾಯು ಬಿಗಿದು ಕೂರಿಸುವುದು ಕಷ್ಟ.

ಸಕಲೇಶಪುರ ಆಂಟಿ:
ಷರ್ಟ್ ಹಾಕುವಾಗ ನೋವಿರುವ ಕೈ ಮೊದಲು ತೂರಿಸಿ, ಬಿಚ್ಚುವಾಗ ಅದನ್ನು ಕೊನೆಗೆ. ಮಲಗುವಾಗ ಆ ಕೈ ಕೆಳಗೊಂದು ದಿಂಬು. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಬಣಕಲ್ ಪಿಯುಸಿ:
ನನ್ನ ಭುಜ ನಾನೇ ಬೇಕಾದಾಗ ಜಾರಿಸಿ ವಾಪಸ್ ಕೂರಿಸುತ್ತೇನೆ, ಕ್ಲಾಸಿನಲ್ಲಿ ಎಲ್ಲರಿಗೂ ತೋರಿಸುತ್ತೇನೆ. ನೋವಾಗುವುದಿಲ್ಲ. ಇದೂ ತೊಂದರೆನಾ?

ಹಾಸನ ಫಿಸಿಯೋ:
ಇವತ್ತಿಂದ ತೋರಿಸುವುದನ್ನು ನಿಲ್ಲಿಸಪ್ಪ. ನಿನ್ನ ಕೀಲು ಹುಟ್ಟಿನಿಂದ ಸಡಿಲ ಇರಬಹುದು. ಹಾಗೆ ಮಾಡಿದಷ್ಟೂ ಇನ್ನೂ ಸಡಿಲ ಆಗುತ್ತದೆ. ನಿನಗೆ ಆಪರೇಷನ್‌ಗಿಂತ ವ್ಯಾಯಾಮವೇ ಮೊದಲ ಮದ್ದು, ಮನೆಯವರ ಜೊತೆ ಬಂದು ಹತ್ತಿರದ ಫಿಸಿಯೋಗೆ ತೋರಿಸು.

ಗೋಣಿಬೀಡು ಅಕ್ಕ:
ಹೋಗಿ ಬಂದೆವು. ಡಾಕ್ಟರ್ ಚೆನ್ನಾಗಿ ಸಮಯ ಕೊಟ್ಟು ನೋಡಿದರು. ನರ ಎಳೆದಿದೆ, ಸ್ನಾಯು ಕೆಲಸ ಮಾಡುತ್ತಿದೆ, ಒಂದೂವರೆ ತಿಂಗಳ ನಂತರ ಮತ್ತೆ ನೋಡೋಣ, ಆಗಲೂ ಹಾಗೇ ಇದ್ದರೆ ನರದ ಟೆಸ್ಟ್ ಎಂದರು. ಎಂಆರ್‌ಐ ಬರೆದಿದ್ದಾರೆ. ಕಬಡ್ಡಿ ಮುಂದುವರಿಸುತ್ತೀಯಾ ಅಂತ ಅವನನ್ನೇ ಕೇಳಿದರು, ಅವನು ಹೌದು ಎಂದ. ಹಾಗಿದ್ದರೆ ರಿಪೋರ್ಟ್ ನೋಡಿ ಆಪರೇಷನ್ ಬಗ್ಗೆ ಮಾತಾಡೋಣ, ಅಲ್ಲಿಯವರೆಗೆ ಯಾವ ಮ್ಯಾಚೂ ಇಲ್ಲ ಅಂತ ಅವನ ಮುಖ ನೋಡಿಯೇ ಹೇಳಿದರು. ನಾವು ಹೇಳಿದ್ದಕ್ಕಿಂತ ಅದು ಚೆನ್ನಾಗಿ ನಾಟಿತು.

ಫಿಸಿಯೋ ತೂಗುವುದು, ಕೋಲು, ಚೌಕಟ್ಟು ಮೂರೂ ಮಾಡಿಸಿ ನನ್ನ ಮೊಬೈಲಿನಲ್ಲಿ ವಿಡಿಯೋ ತೆಗೆಸಿದರು. ಹದಿನೈದು ದಿನಕ್ಕೊಮ್ಮೆ ಬನ್ನಿ ಎಂದರು. ಅಪ್ಪ ತೂಕದ ಪುಸ್ತಕ ಅವನ ಕೈಗೆ ಕೊಡಲು ಒಪ್ಪಿದ್ದಾರೆ, ಹಾಂದಿಯವರಿಗೆ ಥ್ಯಾಂಕ್ಸ್ ಹೇಳು ಅಂದರು. ಅಜ್ಜಿ ಇನ್ನೂ ಒಪ್ಪಿಲ್ಲ, ಕುತ್ತಿಗೆಗೆ ಎಣ್ಣೆ ಹಚ್ಚಿ ಶಾಖ ಕೊಡುತ್ತಿದ್ದಾರೆ.

ಒಂದು ಅನುಮಾನ. ಬೈಕ್ ಓಡಿಸಬಹುದಾ? ಕಾಲೇಜಿಗೆ ಬಸ್ಸು ಸರಿಯಾದ ಹೊತ್ತಿಗೆ ಇಲ್ಲ.

ಹಾಸನ ಫಿಸಿಯೋ:
ಈಗಲೇ ಬೇಡ. ಹ್ಯಾಂಡಲ್ ಹಿಡಿಯಲು ಆಗುತ್ತದೆ, ಗುಂಡಿಯಲ್ಲಿ ಬೈಕ್ ಎಗರಿದಾಗ ಅಥವಾ ಜಾರಿ ಬೀಳುವಾಗ ಹಿಡಿದುಕೊಳ್ಳಲು ಆಗುವುದಿಲ್ಲ. ಕೈ ಪೂರ್ತಿ ತಿರುಗಿ ಬ್ಯಾಂಡ್ ವ್ಯಾಯಾಮ ನೋವಿಲ್ಲದೆ ಆಗುವ ತನಕ ಹಿಂದೆ ಕೂರಲಿ.

ಬೇಲೂರು ವಾಲಿಬಾಲ್:
ಬಸ್ಸಿನಲ್ಲಿ ಹೋದರೆ ಸೀಟು ಸಿಗದಿದ್ದಾಗ ಎಡಗೈಯಲ್ಲಿ ಕಂಬ ಹಿಡಿಯಲು ಹೇಳಿ ಅಕ್ಕ, ಮೇಲಿನ ಕಂಬಿ ಬೇಡ. ಸರ್, ಸರ್ವ್ ಮಾಡುವಾಗ ನನ್ನ ಭುಜ ಒಮ್ಮೊಮ್ಮೆ ಕಟ್ ಅನ್ನುತ್ತದೆ, ಜಾರಿಲ್ಲ ಯಾವತ್ತೂ. ತೋರಿಸಬೇಕಾ?

ಹಾಸನ ಫಿಸಿಯೋ:
ನೋವಿದ್ದರೆ, ಅಥವಾ ಆ ಕ್ಷಣ ಕೈ ಸತ್ತ ಹಾಗೆ ಅನ್ನಿಸಿದರೆ ತೋರಿಸಿ. ಬರೀ ಶಬ್ದ ಆದರೆ ಚಿಂತೆ ಬೇಡ, ಟವೆಲ್ ಇಟ್ಟು ಬ್ಯಾಂಡ್ ಎಳೆಯುವುದನ್ನು ನೀವೂ ಶುರು ಮಾಡಿ.